ಬ್ಲುಪ್ ಎಂದ ಬಕೆಟ್ಟು

ಇದು ನಡೆದ ಕಥೆ. ನಾನು ಹೇಳುವ ಕಥೆಗಳಲ್ಲಿ ಅರ್ಧ ತಾವಾಗಿ ನಡೆದವು, ಇನ್ನರ್ಧ ನಾನೇ ಕೈಹಿಡಿದು ನಡೆಸಿದವು. ಇದು ಮೊದಲ ಗುಂಪಿನದು. ಇದರಲ್ಲಿ ನನ್ನ ಕೈವಾಡವಿಲ್ಲ. ಬಾಯಿವಾಡವೆಲ್ಲ ನಮ್ಮ ಚಿಕ್ಕಮ್ಮನದು.

ಬಸ್ ನಿಲ್ದಾಣದಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದು ಮೈಕಿನಲ್ಲಿ ಹೇಳುವುದು ಚಿಕ್ಕಮ್ಮನ ಕೆಲಸ. ಅಲ್ಲಿ ಬೆಣ್ಣೆಯಂಥ ಒಂದೇ ದನಿ. ಮನೆಗೆ ಬಂದರೆ ಊರಿನ ಎಲ್ಲರ ಗಂಟಲೂ ಅವಳದೇ. ಪಕ್ಕದ ಮನೆಯ ಸ್ಕೂಟರು ಸ್ಟಾರ್ಟ್ ಆಗದೆ ಕೆಮ್ಮುವುದು, ಮನೆ ಮಾಲೀಕರು ಬೆಲ್ ಒತ್ತುವ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ನಮ್ಮ ಮುದಿ ಫ್ರಿಜ್ಜು ನಿಲ್ಲುವಾಗ ಮೈ ಕೊಡವುವುದು, ಎಲ್ಲವನ್ನೂ ಮಾಡಿ ತೋರಿಸುವಳು. ಮಾಲೀಕರ ಕೆಮ್ಮು ಕೇಳಿ ನಾನು ಎಷ್ಟು ಸಲ ಓಡಿಹೋಗಿ ಬಾಗಿಲು ತೆಗೆದಿದ್ದೇನೋ! ಹೊರಗೆ ಗಾಳಿ, ಒಳಗೆ ಚಿಕ್ಕಮ್ಮನ ಕಿಸಕಿಸ.

ನಾನು ಅಚ್ಚಿನ ಮನೆಯೊಂದರಲ್ಲಿ ಕರಡು ತಿದ್ದುವವಳು. ಚಿಕ್ಕಮ್ಮನ ಮನೆಯ ಮೇಲಿನ ಕೋಣೆಯಲ್ಲಿ ವಾಸ. ದಿನವಿಡೀ ಬೇರೆಯವರ ತಪ್ಪು ಹುಡುಕಿ ಬಂದವಳಿಗೆ ಸಂಜೆ ಆ ಮನೆ ಒಳ್ಳೆಯ ಔಷಧಿ.

ಚಿಕ್ಕಪ್ಪ ಲಿಫ್ಟ್ ಮೆಕ್ಯಾನಿಕ್. ಅವನ ಬಂಡವಾಳ ಕಿವಿ. ಬಾಗಿಲಿಗೆ ಕಿವಿಯಾನಿಸಿ ನಿಂತು, "ಮೇಲಿನ ಗಾಲಿಯ ಬೇರಿಂಗ್ ಒಣಗಿದೆ" ಎಂದರೆ ಮೇಲೆ ಹೋದವರಿಗೆ ಒಣಗಿದ ಬೇರಿಂಗೇ ಸಿಗುತ್ತಿತ್ತು. ಹೀಗಿದ್ದವನು ಒಂದು ದಿನ ಒಂದು ಲಿಫ್ಟಿನ ಬ್ರೇಕಿಗೆ ಕಿವಿಗೊಟ್ಟು, "ಸರಿಯಾಗಿದೆ" ಎಂದು ತಾನೇ ಒಳಗೆ ನಿಂತ. ಲಿಫ್ಟು ಜಾರಿತು. ಮಂಡಿ ಮುರಿಯಿತು. ಬೋಲ್ಟಿನೊಳಗೆ ಕೂದಲಿನಷ್ಟು ಬಿರುಕಿತ್ತು, ಯಾರ ಕಿವಿಗೂ ಅದು ಕೇಳುವಂಥದ್ದಲ್ಲ ಎಂದು ವರ್ಕ್‌ಶಾಪಿನ ಮೇಸ್ತ್ರಿ ಆಣೆ ಮಾಡಿ ಹೇಳಿದರು. ಇವನು ಒಪ್ಪಲಿಲ್ಲ. ಮಂಡಿ ಕೂಡಿಕೊಂಡಿತು, ಕಿವಿಯ ಮೇಲಿನ ನಂಬಿಕೆ ಕೂಡಿಕೊಳ್ಳಲಿಲ್ಲ. ಕೆಲಸ ಬಿಟ್ಟು ಮನೆಯಲ್ಲೇ ಉಳಿದ. ಟೀವಿಯ ದನಿ ಪೂರ್ತಿ ತಗ್ಗಿಸಿ ಬರೀ ತುಟಿ ನೋಡುತ್ತ ಕೂರುವನು. ತಮಾಷೆ ಮಾಡುವುದಂತೂ ಬಿಟ್ಟೇಬಿಟ್ಟಿದ್ದ. ಚಿಕ್ಕಮ್ಮ ಮಾಲೀಕರ ಹಾಗೆ ಕೆಮ್ಮಿದರೆ, "ಯಾರೋ ಬಂದ್ರು ನೋಡು" ಎನ್ನುವನು. ಅವಳು ನಗುವುದನ್ನು ಅರ್ಧಕ್ಕೇ ನುಂಗಿಕೊಳ್ಳುವಳು.

ಇಂಥ ಹೊತ್ತಿನಲ್ಲಿ ಅವನ ತಲೆಗೇರಿದ್ದು ಬಿಯರ್. ಹೊಟ್ಟೆಗೆ ಇಳಿಯುವ ಮೊದಲೇ ತಲೆಗೇರುವ ಬಿಯರ್ ಅಂದರೆ ಮನೆಯಲ್ಲೇ ಮಾಡುವ ಬಿಯರ್. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಬೇಕು. ನೀರು ಒಂದಿಷ್ಟು ಹೆಚ್ಚು ಕಾದರೂ ಕೆಟ್ಟಿತು, ಆರಿದರೂ ಕೆಟ್ಟಿತು. ಆ ಸಿಹಿನೀರಿಗೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಬೇಕು. ಕಣ್ಣು ಮಿಟುಕಿಸಿದರೆ ಹಾಲಿನ ಹಾಗೆ ಉಕ್ಕಿ ಒಲೆಯ ಮೇಲೆ. ಕುದಿದದ್ದನ್ನು ಮಂಜುಗಡ್ಡೆಯ ಟಬ್ಬಿನಲ್ಲಿಟ್ಟು ಬೇಗ ತಣಿಸಬೇಕು. ಆಮೇಲೆ ಆ ಸಿಹಿಯನ್ನು ತಿಂದು ಮದ್ಯ ಮಾಡುವ ಯೀಸ್ಟು. ಬಿಸಿಯಿರುವಾಗ ಹಾಕಿದರೆ ಸಾಯುತ್ತದೆ, ತೀರಾ ತಣ್ಣಗಾದ ಮೇಲೆ ಹಾಕಿದರೆ ಮುದುರಿ ಮಲಗುತ್ತದೆ. "ಅಳಿಯನನ್ನ ಕರೆದ ಹಾಗಿದೆ ಇವರ ಯೀಸ್ಟಿನ ಉಪಚಾರ" ಎಂದು ಚಿಕ್ಕಮ್ಮ ಗೊಣಗುವಳು.

ಮೊದಲ ಸಲ ಮಾಡಿದ್ದು ಹುಳಿಯಾಯಿತು. ದಿನಕ್ಕೆಷ್ಟೋ ಸಲ ಮುಚ್ಚಳ ತೆಗೆದು ಮೂಸಿದರೆ ಇನ್ನೇನಾದೀತು? ನಾವು ಆ ಬಿಯರಿನಿಂದ ಕಿಟಕಿಯ ಗಾಜು ಒರೆಸಿದೆವು, ಚೆನ್ನಾಗಿ ಹೊಳೆದವು. ಎರಡನೆಯ ಸಲ ಯೀಸ್ಟಿನ ಕೆಲಸ ಮುಗಿಯುವ ಮೊದಲೇ ಅವಸರಪಟ್ಟು ಬಾಟಲಿಗೆ ತುಂಬಿದ. ಬಾಟಲಿಗೆ ತುಂಬುವಾಗ ನೊರೆ ಬರಲೆಂದು ಒಂದಿಷ್ಟು ಸಕ್ಕರೆ ಸೇರಿಸುತ್ತಾರೆ. ಮೊದಲಿನ ಸಕ್ಕರೆಯೇ ಖರ್ಚಾಗಿಲ್ಲ, ಮೇಲೆ ಇನ್ನಷ್ಟು. ಮುಚ್ಚಿದ ಬಾಟಲಿಯೊಳಗೆ ಯೀಸ್ಟು ತಿಂದು ತಿಂದು ಗಾಳಿ ಬಿಟ್ಟಿತು. ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಢಮ್ ಎಂದಿತು. ಒಂದು ಸಿಡಿದ ರಭಸಕ್ಕೆ ಪಕ್ಕದ್ದು, ಅದರ ರಭಸಕ್ಕೆ ಇನ್ನೊಂದು. ಒಳಗೆ ಒಣಹಾಕಿದ್ದ ಚಿಕ್ಕಮ್ಮನ ಯೂನಿಫಾರಂ ಜರಡಿಯಾಗಿತ್ತು. ಬಾಗಿಲ ಮರದಲ್ಲಿ, ನನ್ನ ಕಣ್ಣಿನ ಎತ್ತರಕ್ಕೆ, ಒಂದು ಕಂದು ಗಾಜಿನ ಚೂರು ಹೊಕ್ಕು ನಿಂತಿತ್ತು. ಇಕ್ಕಳದಿಂದ ಎಳೆದರೂ ಬರಲಿಲ್ಲ. ಈಗಲೂ ಅಲ್ಲೇ ಇದೆ.

"ಇನ್ನೊಂದೇ ಒಂದು ಸಲ" ಎಂದ ಚಿಕ್ಕಪ್ಪ. "ಈ ಸಲ ಮುಚ್ಚಳ ತೆಗೆಯಲ್ಲ, ಬಾಗಿಲೂ ತೆಗೆಯಲ್ಲ. ಕಿವಿಯಿಂದಲೇ ನೋಡ್ಕೋತೀನಿ."

ಕಿವಿ ಎಂಬ ಮಾತು ಅವನ ಬಾಯಲ್ಲಿ ಬಂದದ್ದು ಎಷ್ಟು ಕಾಲದ ಮೇಲೋ. ಬೇಡ ಎನ್ನಲು ಬಾಯಿ ತೆರೆದಿದ್ದ ಚಿಕ್ಕಮ್ಮ, "ಹಾಳಾಗಿ ಹೋಗ್ಲಿ, ಮಾಡಿ" ಎಂದಳು.

ಕಿವಿಯಿಂದ ನೋಡುವುದು ಹೇಗೆಂದರೆ ಹೀಗೆ. ಬಕೆಟ್ಟಿನ ಮುಚ್ಚಳದ ನಡುವೆ ನೀರು ತುಂಬಿದ ಸಣ್ಣ ಪ್ಲಾಸ್ಟಿಕ್ ಬುರುಡೆಯೊಂದನ್ನು ಸಿಕ್ಕಿಸಿರುತ್ತಾರೆ. ಒಳಗಿನ ಗಾಳಿ ಅದರ ನೀರನ್ನು ದಾಟಿ ಹೊರಗೆ ಬರಬಹುದು, ಹೊರಗಿನದು ಒಳಗೆ ಹೋಗುವಂತಿಲ್ಲ. ಗಾಳಿ ದಾಟಿದಾಗಲೆಲ್ಲ "ಬ್ಲುಪ್". ಬ್ಲುಪ್ ಇದ್ದರೆ ಯೀಸ್ಟು ಉಣ್ಣುತ್ತಿದೆ, ಬ್ಲುಪ್ ನಿಂತರೆ ಕೈ ತೊಳೆಯಿತು ಎಂದರ್ಥ. ಬಕೆಟ್ಟಿಗೆ ಹಳೆಯ ರಜಾಯಿ ಸುತ್ತಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿಟ್ಟು, ಬಾಗಿಲು ಮುಚ್ಚಿ, ಹೊರಗೆ ಸ್ಟೂಲು ಹಾಕಿಕೊಂಡು ಚಿಕ್ಕಪ್ಪ ಬಾಗಿಲಿಗೆ ಕಿವಿ ಒತ್ತಿ ಕೂತ.

ಬಕೆಟ್ಟು ತುಟಿಪಿಟಕ್ಕೆನ್ನಲಿಲ್ಲ.

ಮರುದಿನವೂ ಇಲ್ಲ. ಅವನು ಕಿವಿ ಬದಲಿಸಿ ಬದಲಿಸಿ ಕೂತ. ನಾನು ಕೆಲಸಕ್ಕೆ ಹೊರಟವಳು ಚಪ್ಪಲಿ ಹಾಕಿಕೊಳ್ಳುತ್ತ ಅವನ ಮುಖ ನೋಡಿದೆ. ಆಸ್ಪತ್ರೆಯಿಂದ ಬಂದ ದಿನದ ಮುಖ.

"ಒಂದೂ ಕೇಳ್ತಿಲ್ಲ ಪುಟ್ಟೀ. ಒಳಗೆ ಸತ್ತುಹೋಯ್ತೋ, ಇಲ್ಲಾ ನನ್ನ ಕಿವಿನೇ…"

ಅಷ್ಟರಲ್ಲಿ ಒಳಗಿನಿಂದ, ತುಂಬಿದ ಸಂಪಿನಿಂದ ಬಂದಂತೆ, "ಬ್ಲುಪ್!"

ಚಿಕ್ಕಪ್ಪ ಸ್ಟೂಲಿನಿಂದ ಅರ್ಧ ಎದ್ದ. "ಕೇಳಿಸ್ತಾ? ಕೇಳಿಸ್ತಾ ನಿಂಗೆ?"

ಕೇಳಿಸಿತು. ಕಾಣಿಸಿತು ಕೂಡ. ಮೆಟ್ಟಿಲ ಕೆಳಗಿನ ಕೋಣೆಗೂ ಬಾತ್‌ರೂಮಿಗೂ ನಡುವಿನ ಗೋಡೆಯ ಮೇಲ್ಗಡೆ ಜಾಲರಿ ಹಾಕಿದ ಒಂದು ಗಾಳಿಕಿಂಡಿಯಿದೆ. ಬಾತ್‌ರೂಮಿನ ಬಾಗಿಲು ಅರೆತೆರೆದಿತ್ತು. ಚಿಕ್ಕಮ್ಮ ತಲೆಗೆ ಟವೆಲ್ ಸುತ್ತಿಕೊಂಡು, ಬಟ್ಟೆ ನೆನೆಸುವ ಟಬ್ಬನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ, ಜಾಲರಿಗೆ ಬಾಯಿಟ್ಟು, ಕೆನ್ನೆ ಉಬ್ಬಿಸಿ ನಿಂತಿದ್ದಳು. ನನ್ನನ್ನು ನೋಡಿ ಕಣ್ಣು ಹೊಡೆದಳು.

ತಕ್ಷಣ ಹೊರಬಂದು, "ನಾನೇ ಕಣ್ರೀ ಬಕೆಟ್ಟು" ಎಂದು ನಗಬೇಕೆಂದಿದ್ದಳಂತೆ. ಬಂದಳು ಕೂಡ. ಆದರೆ ಚಿಕ್ಕಪ್ಪ ಎರಡೂ ಕೈಯಿಂದ ತನ್ನ ಕಿವಿಗಳನ್ನು ಹಿಡಿದುಕೊಂಡು, ಕಳೆದುಹೋದ ಒಡವೆ ಸಿಕ್ಕವನ ಹಾಗೆ ಕೂತಿದ್ದ. "ಕಿವಿ ಸರಿಯಾಗೇ ಇದೆ ಕಣೇ" ಎಂದ. ಚಿಕ್ಕಮ್ಮ ತೆರೆದ ಬಾಯನ್ನು ಮುಚ್ಚಿದಳು. "ಕಾಫಿ ಕೊಡ್ಲಾ?" ಎಂದಳು.

ತಮಾಷೆ ಅಲ್ಲಿಗೆ ಮುಗಿಯಿತು, ಕೆಲಸ ಶುರುವಾಯಿತು. ಚಿಕ್ಕಪ್ಪ ಸ್ಟೂಲಿನ ಕಡೆ ಹೆಜ್ಜೆ ಹಾಕಿದನೆಂದರೆ ಚಿಕ್ಕಮ್ಮ ಬಾತ್‌ರೂಮಿನ ಕಡೆ ಓಡಬೇಕು. ಒಲೆಯ ಮೇಲೆ ಒಗ್ಗರಣೆ ಸೀದರೂ ಸರಿ, ಬಾಯಲ್ಲಿ ತುತ್ತಿದ್ದರೂ ಸರಿ, ಟಬ್ಬಿನ ಮೇಲೆ ಹತ್ತಿ ಬ್ಲುಪ್. ಅವಳು ನಿಲ್ದಾಣಕ್ಕೆ ಹೋದಾಗ ಅವನು ಕೂತರೆ ಗತಿಯೇನೆಂದು ನನಗೂ ಕಲಿಸಲು ನೋಡಿದಳು. ನನ್ನ ಬಾಯಿಂದ ಬಂದದ್ದು ಕಪ್ಪೆ.

"ಇದು ನಗೋ ವಿಷಯ ಅಲ್ಲ ಚಿಕ್ಕಮ್ಮಾ" ಎಂದೆ ಅಡುಗೆಮನೆಯಲ್ಲಿ, ದನಿ ತಗ್ಗಿಸಿ. ಅಚ್ಚಿನ ಮನೆಗೆ ಬರುವ ಪುಸ್ತಕಗಳಲ್ಲಿ ಬಿಯರಿನದೂ ಒಂದು ಬಂದಿತ್ತು. ಹಿಂದೆ ಮುಂದೆ ಓದಿದ್ದೆ. "ನಿಜವಾದ ಯೀಸ್ಟು ಮಲಗಿದೆ. ಸಕ್ಕರೆ ಎಲ್ಲ ಹಾಗೇ ಇದೆ. ನೀನು ಬ್ಲುಪ್ ನಿಲ್ಲಿಸಿದ ದಿನ ಅವನು ಬಾಟ್ಲಿಗೆ ತುಂಬ್ತಾನೆ. ತುಂಬಿದ ಮೇಲೆ ಆ ಯೀಸ್ಟಿಗೆ ಎಚ್ಚರ ಆದ್ರೆ?"

ಚಿಕ್ಕಮ್ಮ ಬಾಗಿಲಲ್ಲಿ ಹೊಕ್ಕ ಗಾಜಿನ ಚೂರಿನ ಕಡೆ ನೋಡಿದಳು.

"ನಿಲ್ಲಿಸದೇ ಇದ್ರೆ?"

"ನಿಲ್ಲಿಸದೇ ಇದ್ರೆ ರಿಟೈರ್ ಆಗೋವರೆಗೂ ಟಬ್ಬಿನ ಮೇಲೇ ಇರ್ತೀಯ."

"ಹೇಳಿಬಿಡೋಣ್ವಾ?"

ಹೇಳಬಹುದಿತ್ತು. ಹೆಂಡತಿಯ ಬಾಯಿಗೂ ಬಕೆಟ್ಟಿಗೂ ವ್ಯತ್ಯಾಸ ತಿಳಿಯದ ಕಿವಿ ನಿನ್ನದು ಎಂದು ಅವನ ಎದುರು ಹೇಳಬಹುದಿತ್ತು. ಇಬ್ಬರಿಗೂ ಬಾಯಿ ಬರಲಿಲ್ಲ. ಯೀಸ್ಟಿಗೆ ತಾನಾಗಿ ಎಚ್ಚರವಾಗಲಿ ಎಂದು ದಿನ ದೂಡಿದೆವು.

ಅಷ್ಟರಲ್ಲಿ ಮೇಸ್ತ್ರಿಯವರ ಫೋನು ಬಂತು. ಹೊಸದಾಗಿ ಸೇರಿದವರಿಗೆ ಯಂತ್ರದ ಸದ್ದು ಕೇಳುವುದನ್ನು ಕಲಿಸಲು ವರ್ಕ್‌ಶಾಪಿಗೆ ಒಬ್ಬರು ಬೇಕು. ಮಂಡಿಗೆ ಕೆಲಸವಿಲ್ಲ, ಕಿವಿಗೆ ಮಾತ್ರ. ಚಿಕ್ಕಪ್ಪ ಎಂದಿನಂತೆ, "ಕಿವಿ ಹೋಗಿದೆ ಮೇಸ್ತ್ರೀ, ಬೇರೆಯವರನ್ನ ನೋಡಿ" ಎಂದ. ಅವರು ಬಿಡಲಿಲ್ಲ. ಕೊನೆಗೆ ಇವನು, "ಬಿಯರ್ ಮಾಡಿದ್ದೀನಿ. ಅದು ತಯಾರಾಗ್ಲಿ, ಕುಡಿಯೋಕೆ ಬನ್ನಿ. ಆವತ್ತು ಹೇಳ್ತೀನಿ" ಎಂದ. ಫೋನಿಟ್ಟು ನಮ್ಮ ಕಡೆ ತಿರುಗಿದ. "ಇದನ್ನ ಪೂರ್ತಿ ಕಿವಿ ನಂಬಿ ಮಾಡಿದ್ದೀನಿ. ಸರಿಯಾಗಿ ಬಂದ್ರೆ ಹೋಗ್ತೀನಿ. ಕೆಟ್ರೆ ಇನ್ನು ಈ ಕಿವಿ ಕನ್ನಡಕ ಸಿಗಿಸ್ಕೊಳ್ಳೋಕೆ ಮಾತ್ರ."

ಚಿಕ್ಕಮ್ಮನ ಕೈಲಿದ್ದ ಸೌಟು ಪಾತ್ರೆಯೊಳಗೆ ಬಿತ್ತು.

ಇದೇ ಸಾಲದೆಂದು ಅವಳ ಗಂಟಲು ಕೈಕೊಟ್ಟಿತು. ನಿಲ್ದಾಣದಲ್ಲಿ ಕೂಗಿ, ಮನೆಯಲ್ಲಿ ಬ್ಲುಪ್ಪಿಸಿ, ಒದ್ದೆ ಟಬ್ಬಿನ ಮೇಲೆ ಬರಿಗಾಲಲ್ಲಿ ನಿಂತು ನಿಂತು ಶೀತ ಹಿಡಿಯಿತು. ಮಾತಾಡಿದರೆ ಗಾಳಿ, ಬ್ಲುಪ್ ಎನ್ನಲು ಹೋದರೆ ಕೆಮ್ಮು. ಡಾಕ್ಟರು ಬಾಯಿಗೆ ರಜೆ ಬರೆದುಕೊಟ್ಟರು. ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಮನೆಯೆಲ್ಲ ಹೊಸ ಬ್ರೆಡ್ಡಿನ ವಾಸನೆ. ಚಿಕ್ಕಪ್ಪ ತೋಳು ಮಡಚಿಕೊಂಡು ನೆಲ ಒರೆಸುತ್ತಿದ್ದ.

"ಬೆಳಗ್ಗೆಯಿಂದ ಒಂದೂ ಬ್ಲುಪ್ ಇಲ್ಲ" ಎಂದ ಹಿಗ್ಗಿನಿಂದ. "ಮುಗೀತು. ಸಕ್ಕರೆ ಹಾಕಿ ಬಾಟ್ಲಿಗೆ ತುಂಬಿಬಿಟ್ಟೆ. ನೋಡು, ಎಲ್ಲಾ ಬೀರುವಿನಲ್ಲಿದೆ."

ಬೀರು ಇರುವುದು ಮುಂದಿನ ಕೋಣೆಯಲ್ಲಿ. ಅದಕ್ಕೆ ಗಾಜಿನ ಬಾಗಿಲು. ಅದರ ಪಕ್ಕದಲ್ಲೇ ಬಂದವರು ಕೂರುವ ಕುರ್ಚಿ.

ಬಿಯರಿಗೆ ಬಾಟಲಿಯೊಳಗೆ ನೊರೆ ಕಟ್ಟಲು ಕಾಲ ಬೇಕು. ಆ ಕಾಲವೆಲ್ಲ ನಾನೂ ಚಿಕ್ಕಮ್ಮನೂ ಬೀರುವಿನ ಎದುರು ತುದಿಗಾಲಲ್ಲಿ ಓಡಾಡಿದೆವು. ಬಿಸಿಯಾದರೆ ಯೀಸ್ಟು ಏಳುತ್ತದೆಂದು ಒದ್ದೆ ಟವೆಲ್ ಸುತ್ತಿದೆವು. ಸಿಡಿದರೆ ಗಾಜು ಹಾರದಿರಲೆಂದು ಬೀರುವಿನ ಬಾಗಿಲಿಗೆ ಒಳಗಿನಿಂದ ಕಂಬಳಿ ಇಳಿಬಿಟ್ಟೆವು.

"ಬಾಟ್ಲಿಗೆ ಚಳಿನಾ?" ಎಂದು ಕೇಳಿದ ಚಿಕ್ಕಪ್ಪ.

ಚಿಕ್ಕಮ್ಮ ಕೈಯಿಂದ ಸೂರ್ಯನನ್ನು ಬರೆದು, ಬೆರಳಾಡಿಸಿದಳು.

"ಬೆಳಕು ತಾಗಬಾರ್ದಂತೆ" ಎಂದು ನಾನು ಅನುವಾದಿಸಿದೆ.

"ಓಹೋ" ಎಂದ. "ಹಾಗಾದ್ರೆ ದಿಂಬೂ ಇಡಿ, ನಿದ್ದೆ ಮಾಡ್ಲಿ." ಅವನು ತಮಾಷೆ ಮಾಡಿದ್ದನ್ನು ಗಮನಿಸುವ ಸ್ಥಿತಿಯಲ್ಲೂ ನಾವಿರಲಿಲ್ಲ.

ಮೇಸ್ತ್ರಿ ಬಂದದ್ದು ಒಂದು ಭಾನುವಾರದ ಮಧ್ಯಾಹ್ನ, ಫ್ಯಾನಿನ ಗಾಳಿಯೂ ಬಿಸಿಯಾಗಿದ್ದ ಹೊತ್ತಿನಲ್ಲಿ. ಭಾರಿ ಆಳು. ನೇರವಾಗಿ ಬೀರುವಿನ ಪಕ್ಕದ ಕುರ್ಚಿಯಲ್ಲಿ ಕೂತು, ತಲೆಯನ್ನು ಹಿಂದಕ್ಕೆ ಬೀರುವಿನ ಬಾಗಿಲಿಗೇ ಒರಗಿಸಿದರು.

"ಈ ಕಡೆ ಬನ್ನಿ ಸಾರ್, ಗಾಳಿ ಚೆನ್ನಾಗಿದೆ" ಎಂದೆ.

"ಇಲ್ಲೇ ತಣ್ಣಗಿದೆಯಮ್ಮಾ" ಎಂದರು. ಇರದೇ ಏನು, ಬೆನ್ನ ಹಿಂದೆ ಅಷ್ಟೂ ಒದ್ದೆ ಟವೆಲ್.

ಬೀರುವಿನೊಳಗೆ "ಟಿಕ್" ಎಂದಿತು. ಮರ ಹಿಗ್ಗಿದ್ದೋ, ಮುಚ್ಚಳ ಎದ್ದದ್ದೋ. ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದಳು. ಉಗುರು ನಾಟಿತು.

ಚಿಕ್ಕಪ್ಪ ಒಂದು ಬಾಟಲಿ ತೆಗೆದು ಟವೆಲ್ ಬಿಚ್ಚಿ ಬೆಳಕಿಗೆ ಹಿಡಿದ. "ನೋಡಿ ಬಣ್ಣ." ಮೇಸ್ತ್ರಿ ಮುಖವನ್ನು ಹತ್ತಿರ ತಂದರು. ಇನ್ನೂ ಹತ್ತಿರ. ಚಿಕ್ಕಪ್ಪ ಬಾಟಲಿಯನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು, ಓಪನರನ್ನು ಮುಚ್ಚಳಕ್ಕೆ ಕಚ್ಚಿಸಿದ. ಅವನ ಗದ್ದ ಬಾಟಲಿಯ ನೇರಕ್ಕಿತ್ತು. ಮೇಸ್ತ್ರಿಯ ಕಣ್ಣು ಅದರ ಪಕ್ಕದಲ್ಲಿ.

"ತಡೆಯಿರಿ" ಎನ್ನಲು ಚಿಕ್ಕಮ್ಮ ಬಾಯಿ ತೆರೆದಳು. ಇಡೀ ನಿಲ್ದಾಣಕ್ಕೇ ದಾರಿ ಹೇಳುವ ಆ ಗಂಟಲಿನಿಂದ ಸುಯ್ಯೆಂದು ಬರಿಯ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದಳು. ಗಾಳಿ. ಚಿಕ್ಕಪ್ಪನ ಮಣಿಕಟ್ಟು ಬಿಗಿಯಾಯಿತು. ನಾನು ಕೂಗಿಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ನನ್ನ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಹೋದಳು, ಕಣ್ಣು ಮುಚ್ಚಿದಳು, ಕೆನ್ನೆ ಉಬ್ಬಿಸಿದಳು.

"ಬ್ಲುಪ್."

ಚಿಕ್ಕಪ್ಪನ ಕೈ ಓಪನರಿನ ಮೇಲೆ ನಿಂತಿತು. ಇನ್ನು ಅವನು ತಿರುಗುತ್ತಾನೆ, ಅವಳ ಮುಖ ನೋಡುತ್ತಾನೆ, ಎಲ್ಲ ಗೊತ್ತಾಗುತ್ತದೆ, ಆ ಕಿವಿಯ ಕಥೆ ಮುಗಿಯುತ್ತದೆ ಎಂದುಕೊಂಡೆ. ಚಿಕ್ಕಮ್ಮ ಕಣ್ಣು ತೆರೆಯಲೇ ಇಲ್ಲ.

ಚಿಕ್ಕಪ್ಪ ತಿರುಗಲಿಲ್ಲ.

"ಕೇಳಿಸ್ತಾ ಮೇಸ್ತ್ರೀ?" ಎಂದ. "ನಮ್ಮ ಬಕೆಟ್ಟು. ಸ್ವಲ್ಪ ಶೀತ ಆಗಿದೆ ಅದಕ್ಕೆ."

ಮುಚ್ಚಳ ತೆಗೆದ. "ಟುಸ್ಸ್" ಎಂದಿತು, ಅಷ್ಟೇ. ಬಾಟಲಿಯ ಕೊರಳಲ್ಲಿ ಬಿಳಿ ಹೊಗೆಯಂಥದ್ದು ಒಂದೆಳೆ ಎದ್ದಿತು. ಗ್ಲಾಸಿಗೆ ಬಗ್ಗಿಸಿದರೆ ಕೆಳಗೆ ಜೇನಿನ ಬಣ್ಣ, ಮೇಲೆ ಬೆರಳಗಲ ನೊರೆ.

ಚಿಕ್ಕಮ್ಮ ಒಂದು ಕಣ್ಣು ತೆರೆದಳು.

"ಕೂತ್ಕೋ" ಎಂದ ಅವಳಿಗೆ. "ಟಬ್ ಬೇಕಾದ್ರೆ ತರಿಸ್ಲಾ, ನಿಂತ್ಕೊಳ್ಳೋಕೆ?"

"ಚಿಕ್ಕಪ್ಪಾ!" ಎಂದೆ. "ನಿನಗೆ ಗೊತ್ತಿತ್ತಾ?"

"ಮೊದಲನೇ ಸಲ ನಂಬಿದೆ" ಎಂದ. ನಗುತ್ತಿರಲಿಲ್ಲ. "ಆಮೇಲೆ ಏನೋ ಸರಿಯಿಲ್ಲ ಅನ್ನಿಸ್ತು. ನೀರಲ್ಲಿ ಗುಳ್ಳೆ ಒಡೆದ ಮೇಲೆ ನೀರು ವಾಪಸ್ ಕೂತ್ಕೊಳ್ಳೋ ಸದ್ದು ಒಂದಿರುತ್ತೆ, ಸಣ್ಣದು. ಅದು ಬರ್ತಾ ಇರ್ಲಿಲ್ಲ. ಮತ್ತೆ ಕಿವಿ ಕೈಕೊಡ್ತು ಅಂತ ಎರಡು ದಿನ ನನಗೆ ಊಟ ಸೇರ್ಲಿಲ್ಲ. ಮೂರನೇ ದಿನ ನೋಡಿದ್ರೆ, ಈ ಬಕೆಟ್ಟು ಬ್ಲುಪ್ ಅನ್ನೋಕೆ ಮೊದಲು ಉಸಿರು ಎಳ್ಕೊಳ್ಳುತ್ತೆ!"

ಮೇಸ್ತ್ರಿ ಗ್ಲಾಸನ್ನು ಬಾಯಿಂದ ಕೆಳಗಿಳಿಸಿದರು.

"ಅದೂ ಅಲ್ದೆ ಒಂದು ಮಧ್ಯಾಹ್ನ ಬ್ಲುಪ್ ಆದ ಮೇಲೆ ಅಗಿಯೋ ಸದ್ದು. ಯೀಸ್ಟು ಹುರಿಗಡಲೆ ತಿನ್ನುತ್ತೆ ಅಂತ ಯಾವ ಪುಸ್ತಕದಲ್ಲೂ ಬರ್ದಿಲ್ಲ, ಅಲ್ವಾ ಪುಟ್ಟೀ?"

ಆಮೇಲೆ ಹೇಳಿದ. ಚಿಕ್ಕಮ್ಮ ನಿಲ್ದಾಣಕ್ಕೆ ಹೋದಾಗ ಬಾಗಿಲು ತೆರೆದು ಬಕೆಟ್ಟಿನ ಪಕ್ಕ ಕೂತು ಕೇಳಿದ್ದಾನೆ. ಬುರುಡೆ ಸುಮ್ಮನಿತ್ತು. ಮುಚ್ಚಳದ ಅಂಚಿನಲ್ಲಿ ಮಾತ್ರ ಸೂಜಿಯಷ್ಟು ಸಣ್ಣಗೆ ಸ್ಸ್ ಎನ್ನುತ್ತಿತ್ತು. ಮುಚ್ಚಳದ ರಬ್ಬರ್ ವಾಷರು ಒಂದು ಕಡೆ ಮಡಚಿಕೊಂಡು, ಗಾಳಿಯೆಲ್ಲ ಅಲ್ಲಿಂದ ಕದ್ದು ಹೋಗುತ್ತಿತ್ತು. ಯೀಸ್ಟು ಮಲಗಿರಲೇ ಇಲ್ಲ, ಮೊದಲ ದಿನದಿಂದ ಹೊಟ್ಟೆತುಂಬ ಉಣ್ಣುತ್ತಿತ್ತು. ಆ ಸ್ಸ್ ಪೂರ್ತಿ ನಿಂತ ಮೇಲೆ, ಸಕ್ಕರೆ ಎಷ್ಟು ಉಳಿದಿದೆಯೆಂದು ತೋರಿಸುವ ಗಾಜಿನ ತೇಲುಕಡ್ಡಿಯನ್ನು ಇಳಿಬಿಟ್ಟು ನೋಡಿದ್ದಾನೆ; ಮರುದಿನ ಮತ್ತೆ ನೋಡಿದ್ದಾನೆ. ಕಡ್ಡಿ ಒಂದೇ ಕಡೆ ನಿಂತಿತ್ತು. ಅಂದರೆ ಯೀಸ್ಟಿನ ಊಟ ಮುಗಿದಿತ್ತು, ಸಿಡಿಯುವ ಮಾತೇ ಇಲ್ಲ.

"ಮತ್ತೆ ವಾಷರ್ ಯಾಕೆ ಸರಿ ಮಾಡ್ಲಿಲ್ಲ?"

"ಸರಿ ಮಾಡಿದ್ರೆ ಬಕೆಟ್ಟೂ ಮಾತಾಡೋದು, ಇವಳೂ ಮಾತಾಡೋಳು. ಮನೇಲಿ ಒಬ್ರ ಮಾತು ಕೇಳೋದೇ ಕಷ್ಟ."

ಅಷ್ಟು ದಿನ ಬೇಕೆಂದೇ ಸ್ಟೂಲಿನ ಕಡೆ ಹೋಗುವುದು, ಅರ್ಧ ದಾರಿಯಲ್ಲಿ ನಿಂತು ವಾಪಸ್ಸಾಗುವುದು, ಅವಳು ಒಲೆ ಬಿಟ್ಟು ಓಡುವುದನ್ನು ಕೇಳಿ ಮತ್ತೆ ಹೋಗುವುದು. ಕಂಬಳಿ ಹೊದಿಸಿದಾಗ ನಗು ತಡೆಯಲಾಗದೆ ಹಿತ್ತಲಿಗೆ ಹೋಗಿ ನಿಂತಿದ್ದನಂತೆ.

ಮೇಸ್ತ್ರಿ ಗ್ಲಾಸು ಖಾಲಿ ಮಾಡಿ ಮೀಸೆಯ ನೊರೆ ಒರೆಸಿಕೊಂಡರು. "ಕಿವಿ ಹೋಗಿದೆ ಅಂದೆಯಲ್ಲಯ್ಯಾ?"

ಚಿಕ್ಕಪ್ಪ ಇನ್ನೊಂದು ಬಾಟಲಿಗೆ ಕೈ ಹಾಕುತ್ತ ಹೇಳಿದ: "ನೀವು ಬರುವಾಗ ಕೇಳ್ದೆ, ನಿಮ್ಮ ಸ್ಕೂಟರಿನ ಹಿಂದಿನ ಬ್ರೇಕು ಗಾಲಿಗೆ ತಾಗ್ತಾ ಇದೆ. ನಾಳೆ ವರ್ಕ್‌ಶಾಪಲ್ಲಿ ನೋಡ್ತೀನಿ. ಎಷ್ಟು ಹೊತ್ತಿಗೆ ಬರ್ಲಿ?"

ಚಿಕ್ಕಮ್ಮ ಅಲ್ಲಿಯತನಕ ಗೋಡೆಗೆ ಒರಗಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅತ್ತಾಳೆಂದುಕೊಂಡೆ. ಚಿಕ್ಕಪ್ಪ ಅವಳತ್ತ ತಿರುಗಿ, ಎದೆ ತುಂಬ ಉಸಿರೆಳೆದುಕೊಂಡು, ಕೆನ್ನೆ ಉಬ್ಬಿಸಿ, ತನಗೆ ಬಂದ ಹಾಗೆ ಒಂದು "ಬ್ಲುಪ್" ಹಾಕಿದ. ನನ್ನ ಕಪ್ಪೆಗಿಂತ ಕಡೆ.

ಮೊದಲು ಅವಳ ಭುಜ ಅಲುಗಿತು. ಆಮೇಲೆ ಸುಯ್ಯೆಂದು ಗಾಳಿ ಬಂತು. ಆ ಗಾಳಿಯ ಹಿಂದೆ, ಎಲ್ಲಿತ್ತೋ ಅಷ್ಟು ದಿನ, ದನಿ ಬಂತು. ನಾನು ನಕ್ಕೆ, ಮೇಸ್ತ್ರಿ ಕುರ್ಚಿ ಕಿರುಗುಟ್ಟುವಂತೆ ನಕ್ಕರು, ಚಿಕ್ಕಪ್ಪ ಬಾಟಲಿ ಹಿಡಿದುಕೊಂಡೇ ನಕ್ಕ. ಆದರೆ ಒಡೆದ ಗಂಟಲಿನ ಚಿಕ್ಕಮ್ಮ ನಕ್ಕದ್ದರ ಮುಂದೆ ನಮ್ಮದೆಲ್ಲ ಪಿಸುಮಾತು. ಬೀರುವಿನ ಗಾಜು ಗಲಗಲ ಎಂದಿತು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ನೆಲದ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಮಧ್ಯೆ ಮಧ್ಯೆ ಕೆಮ್ಮುತ್ತ, ಅವಳು ಇನ್ನೂ ನಗುತ್ತಲೇ ಇದ್ದಳು.